ಅತಿರಪ್ಪಿಳ್ಳಿ: ರೀಲ್‌ನಲ್ಲಿ ಕಾಣದ ನೂರು ವರ್ಷ

1/6
ಫೋಟೋ ನೋಡಿದ ತಕ್ಷಣ "ಬಾಹುಬಲಿ ಜಲಪಾತ!" ಅಂದ್ರಿ ಅಲ್ವಾ? ನಾನೂ ಅಷ್ಟೇ ತಿಳ್ಕೊಂಡು ಹೋಗಿದ್ದೆ. ಕೇರಳದ ತ್ರಿಶೂರ್ ಜಿಲ್ಲೆಯ ಚಾಲಕುಡಿ ಸ್ಟೇಷನ್ನಲ್ಲಿ ಇಳಿದು ಬಸ್ ಹತ್ತಿದರೆ ಸುಮಾರು 30 ಕಿಮೀ. ಟ್ರೆಕ್ಕಿಂಗ್ ಏನೂ ಬೇಡ. ಟಿಕೆಟ್ ತಗೊಂಡು ದಾರಿ ಹಿಡಿದು ಇಳಿದರೆ, ಸುಮಾರು 80 ಅಡಿ ಎತ್ತರದಿಂದ ಇಡೀ ಹೊಳೆ ನಿಮ್ಮ ಮುಂದೆ ಬೀಳ್ತಿರುತ್ತೆ. ತಲುಪೋದು ಇಷ್ಟು ಸುಲಭ. ಆದರೆ ಈ ಜಲಪಾತ ಉಳಿದ ಕಥೆ ಅಷ್ಟು ಸುಲಭದ್ದಲ್ಲ. ಸ್ವೈಪ್ ಮಾಡ್ತಾ ಓದಿ.

2/6
ಮೊದಲು ಇಲ್ಲಿಂದ ಹೋಗಿದ್ದು ಮರ. 20ನೇ ಶತಮಾನದ ಆರಂಭದಲ್ಲಿ ಕೊಚ್ಚಿ ಸಂಸ್ಥಾನ ಚಾಲಕುಡಿಯಿಂದ ಪರಂಬಿಕುಳಂ ಕಾಡಿನವರೆಗೆ ಸುಮಾರು 80 ಕಿಮೀ ಟ್ರಾಮ್ ಹಳಿ ಹಾಕಿಸಿತು. ಜನರಿಗಾಗಿ ಅಲ್ಲ, ತೇಗ ಮತ್ತು ಬೀಟೆ ಸಾಗಿಸೋಕೆ. ಬೆಟ್ಟದಿಂದ ಇಳಿದ ದಿಮ್ಮಿಗಳು ಚಾಲಕುಡಿಯಲ್ಲಿ ರೈಲು ಹತ್ತಿ ಕೊಚ್ಚಿ ಬಂದರು ಸೇರ್ತಿದ್ದವು. 1963ರಲ್ಲಿ ಟ್ರಾಮ್ ಮುಚ್ಚಿತು. ಅಷ್ಟರಲ್ಲಿ ಎಷ್ಟೋ ಕಾಡು ಖಾಲಿಯಾಗಿತ್ತು.

3/6
ಆಮೇಲೆ ನೀರಿನ ಸರದಿ. 1957ರಲ್ಲಿ ಪೆರಿಂಗಲ್ಕುತ್ತು, 1966ರಲ್ಲಿ ಶೋಲಯಾರ್ ವಿದ್ಯುತ್ ಯೋಜನೆ. ಪರಂಬಿಕುಳಂ ನೀರಿನ ಒಂದು ಪಾಲು ಬೆಟ್ಟದಾಚೆ ತಮಿಳುನಾಡಿಗೆ ಹೋಗುತ್ತೆ. ಬೇಸಿಗೆಯಲ್ಲಿ ನೀವು ರೀಲ್ ಮಾಡೋ ನೀರು ಎಷ್ಟಿರಬೇಕು ಅನ್ನೋದು ಬಹುಪಾಲು ಮೇಲಿನ ಪವರ್‌ಹೌಸ್ ಎಷ್ಟು ಬಿಡುತ್ತೆ ಅನ್ನೋದರ ಮೇಲೆ ನಿಂತಿದೆ. ಈ ಹೊಳೆ ಆಗಲೇ ಸಾಕಷ್ಟು ದುಡಿದಿದೆ.

4/6
ಸಾಲದು ಅಂತ ಇನ್ನೊಂದು ಯೋಜನೆ ಬಂತು, 163 ಮೆಗಾವಾಟ್‌ದು. ಜಲಪಾತದ ಮೇಲ್ಗಡೆ ಅಣೆಕಟ್ಟು ಕಟ್ಟಿ, ನೀರನ್ನು ಸುರಂಗದಲ್ಲಿ ಹಾಯಿಸಿ, ಜಲಪಾತ ದಾಟಿದ ಮೇಲೆ ಮತ್ತೆ ಹೊಳೆಗೆ ಸೇರಿಸೋ ಪ್ಲ್ಯಾನ್. ಅಂದ್ರೆ ಹೊಳೆಯ ಹೆಚ್ಚಿನ ನೀರು ಈ ಬಂಡೆಯ ಮೇಲಿಂದ ಬೀಳೋದೇ ಇಲ್ಲ!
ನಾನು ಬಿಕಾಂ ಓದೋಳು, ಅದಕ್ಕೇ ಮುಂದಿನ ಭಾಗ ನಂಗೆ ತುಂಬಾ ಇಷ್ಟ. ಕೃಷಿ ಇಲಾಖೆಯ ಕೆಲಸ ಬಿಟ್ಟು ನದಿ ಅಧ್ಯಯನಕ್ಕೆ ಇಳಿದ ಡಾ. ಎ. ಲತಾ ಮತ್ತು ಚಾಲಕುಡಿ ಹೊಳೆ ಉಳಿಸೋಕೆ ನಿಂತ ಅವರ ಸಂಗಾತಿಗಳು ಬರೀ ಘೋಷಣೆ ಕೂಗಲಿಲ್ಲ. ಯೋಜನೆಯ ನೀರಿನ ಲೆಕ್ಕವನ್ನೇ ಬಿಚ್ಚಿ ಕೂತರು. ಹೊಳೆಯಲ್ಲಿ ಅಷ್ಟು ನೀರೇ ಇಲ್ಲ, ಹೇಳಿದಷ್ಟು ಕರೆಂಟ್ ಬರಲ್ಲ ಅಂತ ಅಂಕಿಗಳನ್ನೇ ಮುಂದಿಟ್ಟು ವಾದಿಸಿದರು. 2001ರಲ್ಲಿ, ಮತ್ತೆ 2006ರಲ್ಲಿ ಹೈಕೋರ್ಟ್ ಪರಿಸರ ಅನುಮತಿ ರದ್ದು ಮಾಡಿತು. 2011ರ ಗಾಡ್ಗೀಳ್ ಸಮಿತಿ ವರದಿಯೂ ಬೇಡ ಅಂತಲೇ ಹೇಳಿತು. 2020ರಲ್ಲಿ ಮತ್ತೆ ಫೈಲ್ ಓಪನ್ ಆಯ್ತು. ಅಣೆಕಟ್ಟು ಮಾತ್ರ ಎದ್ದಿಲ್ಲ. ಲತಾ ಅವರು 2017ರಲ್ಲಿ ತೀರಿಕೊಂಡರು. ಹೊಳೆ ಬೀಳ್ತಾನೇ ಇದೆ.

5/6
ಇದು ಬರೀ ನೀರಿನ ಜಗಳ ಅಲ್ಲ. ಇಲ್ಲಿ ಕಾಡರ್ ಅನ್ನೋ ಆದಿವಾಸಿ ಜನ ಇದ್ದಾರೆ. ಹಳೇ ಅಣೆಕಟ್ಟುಗಳಿಗಾಗಿ ಆಗಲೇ ಜಾಗ ಬಿಟ್ಟವರು. ಹೊಸ ಯೋಜನೆ ಅವರ ವಾಳಚಾಲ್ ಹಾಡಿಯ ಪಕ್ಕಕ್ಕೇ ಬರ್ತಿತ್ತು. 2014ರಲ್ಲಿ ವಾಳಚಾಲ್ ಭಾಗದ 9 ಹಾಡಿಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಪಶ್ಚಿಮ ಘಟ್ಟದ ನಾಲ್ಕೂ ಜಾತಿಯ ಮಂಗಟ್ಟೆ ಹಕ್ಕಿಗಳು ಈ ಕಾಡಲ್ಲಿವೆ. ಅವುಗಳ ಗೂಡು ಕಾಯೋ ಕೆಲಸದಲ್ಲೂ ಕಾಡರ್ ಜನ ಇದ್ದಾರೆ.

6/6
ಕೊನೇ ಫೋಟೋ ಅತಿರಪ್ಪಿಳ್ಳಿದಲ್ಲ, ನಮ್ಮಜ್ಜಿದು. ಅವರ ತವರೂರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಅಲ್ಲಿಂದ ವಾಪಸ್ ಬಂದು ವಿಡಿಯೋ ತೋರಿಸಿದೆ. ಸುಮ್ಮನೆ ನೋಡಿ, "ಅಲ್ಲಿ ಯಾರ ಮನೆ ಹೋಯ್ತೇ?" ಅಂದ್ರು. ನಂಗೆ ಆಗ ಉತ್ತರ ಗೊತ್ತಿರಲಿಲ್ಲ. ಈ ಸರಣಿ ಹುಟ್ಟಿದ್ದೇ ಆ ಪ್ರಶ್ನೆಯಿಂದ.
ಕರೆಂಟ್ ಬೇಡ ಅಂತ ನಾನು ಹೇಳ್ತಿಲ್ಲ. ಇದನ್ನು ಟೈಪ್ ಮಾಡಿದ ಫೋನ್ ಚಾರ್ಜ್ ಆಗಿದ್ದೂ ಕರೆಂಟಿಂದಾನೇ. ಆದರೆ ಖರ್ಚಿನ ಕಾಲಂನಲ್ಲಿ ಅಜ್ಜಿಯ ಊರನ್ನು ಬರೆಯದೆ ಲಾಭ ತೋರಿಸಿದರೆ, ಅದನ್ನ ಲೆಕ್ಕ ಅನ್ನಲ್ಲ ಅಲ್ವಾ?
ನೀವೂ ಹೋಗಿ ಬನ್ನಿ. ಬಾಟಲಿ ಬಿಸಾಡಬೇಡಿ, ಬೇಲಿ ದಾಟಬೇಡಿ. ಹೋಗೋ ಮುಂಚೆ ನಿಮ್ಮ ಮನೇಲಿ ಹಿರಿಯರನ್ನ ಒಂದ್ಸಲ ಕೇಳಿ: ನಮ್ಮೂರ ಹೊಳೆ ಮೊದಲು ಹೇಗಿತ್ತು? ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ. ನಾನು ಅಜ್ಜಿಗೆ ಓದಿ ಹೇಳ್ತೀನಿ.