ಸಿಂಹ, ಹುಲಿ ಮತ್ತು ಬೆಕ್ಕು: ಬ್ರಿಟಿಷರ ನಗೆಚಿತ್ರಗಳ ಎರಡು ಮುಖ

ಒಂದು ಜನಾಂಗವನ್ನು ಅರಿಯಬೇಕಾದರೆ ಅದು ಮಾಡಿದ ಯುದ್ಧಗಳನ್ನೂ ಆಳಿದ ರಾಜರ ಪಟ್ಟಿಯನ್ನೂ ಓದಿದರೆ ಸಾಲದು. ಅದು ಏನನ್ನು ಕಂಡು ನಗುತ್ತಿತ್ತು, ಯಾರನ್ನು ಕಂಡು ನಗುತ್ತಿತ್ತು ಎಂಬುದನ್ನೂ ನೋಡಬೇಕು. ನಮ್ಮನ್ನು ಆಳಿದ ಬ್ರಿಟಿಷರ ಬಗ್ಗೆ ನಾವು ಸಾಕಷ್ಟು ಓದಿದ್ದೇವೆ. ಪ್ಲಾಸಿ, ಶ್ರೀರಂಗಪಟ್ಟಣ, 1857, ಜಲಿಯನ್‌ವಾಲಾ ಬಾಗ್ ಇವೆಲ್ಲ ಶಾಲೆಯ ಪುಸ್ತಕದಿಂದಲೇ ನಮಗೆ ಪರಿಚಿತ. ಆದರೆ ಅದೇ ಜನ ತಮ್ಮ ಮನೆಯಲ್ಲಿ ಕುಳಿತು ವಾರಪತ್ರಿಕೆ ತೆರೆದಾಗ ಯಾವ ಚಿತ್ರ ನೋಡಿ ನಗುತ್ತಿದ್ದರು? ಅಂಚೆಯಲ್ಲಿ ಗೆಳೆಯರಿಗೆ ಎಂಥ ಕಾರ್ಡು ಕಳುಹಿಸುತ್ತಿದ್ದರು? ಇದನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಅವರ ನಗೆಚಿತ್ರಗಳಲ್ಲಿ ಪ್ರಾಣಿಗಳಿಗೆ ದೊಡ್ಡ ಪಾತ್ರವಿತ್ತು. ಪ್ರಾಣಿಗಳ ಬಾಯಲ್ಲಿ ಮನುಷ್ಯರ ಮಾತು ಆಡಿಸುವುದು ನಮಗೇನೂ ಹೊಸದಲ್ಲ. ನಮ್ಮ ಪಂಚತಂತ್ರದ ಸಿಂಹ, ನರಿಗಳು ಪರ್ಷಿಯಾದ ದಾರಿಯಾಗಿ ಅರಬ್ ನಾಡಿಗೆ ಹೋಗಿ, ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅವರ 'ಕಲೀಲಾ ವ ದಿಮ್ನಾ' ಆದವು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಆ ಕಥೆಗಳನ್ನು ಕನ್ನಡದಲ್ಲಿ ಬರೆದ. ಆ ಕಥೆಗಳ ಪ್ರಾಣಿಗಳು ಅರಸರಿಗೆ ಬುದ್ಧಿ ಹೇಳುತ್ತಿದ್ದವು. ಬ್ರಿಟಿಷರ ಪ್ರಾಣಿಗಳು ಎರಡು ಬೇರೆ ಕೆಲಸಗಳನ್ನು ಮಾಡಿದವು. ಒಂದೆಡೆ ಅವು ಕೋಟು ತೊಟ್ಟು ಚಹಾ ಕುಡಿದು ತಮ್ಮ ಒಡೆಯರನ್ನೇ ನಗಿಸಿದವು. ಇನ್ನೊಂದೆಡೆ ಅನ್ಯರನ್ನು ಮೃಗಗಳೆಂದು ತೋರಿಸಲು ಬಳಕೆಯಾದವು.

'ಕಾರ್ಟೂನ್' ಎಂಬ ಪದ

1841ರ ಜುಲೈಯಲ್ಲಿ ಲಂಡನ್ನಿನಲ್ಲಿ 'ಪಂಚ್' ಎಂಬ ವಾರಪತ್ರಿಕೆ ಆರಂಭವಾಯಿತು. ಬೀದಿಯ ಗೊಂಬೆಯಾಟದಲ್ಲಿ ಎಲ್ಲರನ್ನೂ ದೊಣ್ಣೆಯಿಂದ ಬಾರಿಸುವ ಕೊಕ್ಕೆಮೂಗಿನ ಗೊಂಬೆಯ ಹೆಸರೇ ಅದರ ಹೆಸರು. ಇಂದು ನಾವು ಬಳಸುವ 'ಕಾರ್ಟೂನ್' ಪದಕ್ಕೆ ಈಗಿನ ಅರ್ಥ ಬಂದದ್ದು ಈ ಪತ್ರಿಕೆಯಿಂದಲೇ. ಗೋಡೆಚಿತ್ರ ಬರೆಯುವ ಮೊದಲು ದಪ್ಪ ಕಾಗದದ ಮೇಲೆ ಬರೆಯುವ ಕರಡು ಚಿತ್ರಕ್ಕೆ ಅಲ್ಲಿಯವರೆಗೆ ಕಾರ್ಟೂನ್ ಎನ್ನುತ್ತಿದ್ದರು. 1843ರಲ್ಲಿ ಹೊಸ ಸಂಸತ್ ಭವನದ ಗೋಡೆಗಳಿಗಾಗಿ ಬರೆದ ಇಂಥ ಕರಡುಗಳ ಪ್ರದರ್ಶನ ನಡೆಯಿತು. ಪಂಚ್‌ನ ಚಿತ್ರಕಾರ ಜಾನ್ ಲೀಚ್ ತಾನೂ ಒಂದು 'ಕಾರ್ಟೂನ್' ಬರೆದ. ಅದರಲ್ಲಿ ಹರಕು ಬಟ್ಟೆಯ ಬಡವರು ಭವ್ಯ ಚಿತ್ರಗಳ ಮುಂದೆ ನಿಂತಿದ್ದಾರೆ. ಅನ್ನ ಕೇಳಿದವರಿಗೆ ಸರಕಾರ ಕೊಟ್ಟದ್ದು ಚಿತ್ರ ಎಂಬುದು ಅದರ ಕುಟುಕು. ಕಾರ್ಟೂನ್ ಹುಟ್ಟಿದ್ದು ಹೀಗೆ, ಬಡವರ ಪರವಾಗಿ.

ಆದರೆ ಅದೇ ಲೀಚ್ 1849ರಲ್ಲಿ ಇನ್ನೊಂದು ಚಿತ್ರ ಬರೆದ. ಆಗ ಐರ್ಲೆಂಡಿನಲ್ಲಿ ಬರಗಾಲ. ಆಲೂಗಡ್ಡೆ ಬೆಳೆ ರೋಗ ಬಂದು ನಾಶವಾಗಿ ಸುಮಾರು ಹತ್ತು ಲಕ್ಷ ಜನ ಸತ್ತ ಕಾಲ ಅದು. ಚಿತ್ರದಲ್ಲಿ ಇಂಗ್ಲಿಷ್ ಕೂಲಿಯೊಬ್ಬನ ಬೆನ್ನೇರಿ, ಹಲ್ಲು ಕಿರಿಯುತ್ತ, ನೆರವಿನ ಹಣದ ಚೀಲ ಹಿಡಿದು ಕುಳಿತಿದ್ದಾನೆ ಒಬ್ಬ ಐರಿಶ್ ಮನುಷ್ಯ. ಅಲಿಫ್ ಲೈಲಾದ ಸಿಂದಬಾದನ ಹೆಗಲೇರಿ ಇಳಿಯದ ಮುದುಕನ ಕಥೆಯಿಂದ ತೆಗೆದುಕೊಂಡ ಕಲ್ಪನೆ ಅದು. ತನ್ನ ಊರಿನ ಬಡವನಿಗಾಗಿ ಮರುಗಿದ ಲೇಖನಿ, ಪಕ್ಕದ ದ್ವೀಪದ ಹಸಿದವನನ್ನು ಹೊರೆ ಎಂದಿತು. ಮುಂದಿನ ದಶಕಗಳಲ್ಲಿ ಪಂಚ್‌ನ ಪುಟಗಳಲ್ಲಿ ಐರಿಶ್ ಬಂಡಾಯಗಾರರ ಮುಖಗಳು ವಾನರ ಮುಖಗಳಾದವು.

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ

1857ರ ಆಗಸ್ಟ್ 22ರ ಪಂಚ್‌ನಲ್ಲಿ ಎರಡು ಪುಟಗಳ ತುಂಬ ಒಂದೇ ಚಿತ್ರ ಬಂತು. ಬಿಳಿ ಹೆಂಗಸು ಮತ್ತು ಮಗುವಿನ ಮೇಲೆ ಕುಳಿತ ಹುಲಿ. ಅದರ ಮೇಲೆ ಎರಗುತ್ತಿರುವ ಸಿಂಹ. ಹೆಸರು, 'ಬಂಗಾಳದ ಹುಲಿಯ ಮೇಲೆ ಬ್ರಿಟಿಷ್ ಸಿಂಹದ ಸೇಡು'. ಬರೆದವನು ಜಾನ್ ಟೆನಿಯಲ್. ಎಂಟು ವರ್ಷಗಳ ಬಳಿಕ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಪುಸ್ತಕಕ್ಕಾಗಿ ಅಂಗಿ ತೊಟ್ಟು ಜೇಬಿನ ಗಡಿಯಾರ ನೋಡುವ ಮೊಲವನ್ನು ಬರೆದು ಲೋಕದ ಮಕ್ಕಳನ್ನೆಲ್ಲ ನಗಿಸಿದವನೂ ಇವನೇ.

ಈ ಸಿಂಹ ಮತ್ತು ಹುಲಿಯ ಜೋಡಿಗೆ ನಮ್ಮ ನಾಡಿನ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಈಸ್ಟ್ ಇಂಡಿಯಾ ಕಂಪನಿ ಗೆಲುವಿನ ನೆನಪಿಗೆ ಪದಕ ಮಾಡಿಸಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದ ಆ ಪದಕವನ್ನು ಪದವಿಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರಗಳಲ್ಲಿ ಹಂಚಿದರು. ಅದರ ಮೇಲೆ ಹುಲಿಯನ್ನು ಕೆಡವಿದ ಸಿಂಹ, ಮೇಲೆ ಬಾವುಟದಲ್ಲಿ ಅರಬಿ ಅಕ್ಷರಗಳಲ್ಲಿ 'ಅಸದುಲ್ಲಾಹಿಲ್ ಗಾಲಿಬ್', ಅಂದರೆ ದೇವರ ಸಿಂಹವೇ ವಿಜಯಿ. ಹಝ್ರತ್ ಅಲಿಯವರನ್ನು ಸ್ಮರಿಸುವ ಈ ಮಾತನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿದ್ದ. ಅವನ ಮಾತನ್ನೇ ತೆಗೆದು ಅವನ ಸೋಲಿನ ಪದಕಕ್ಕೆ ಒತ್ತಿದರು. ಬಿಳಿಯನೊಬ್ಬನ ಮೇಲೆ ಎರಗಿ ಗುಡುಗುವ ಟಿಪ್ಪುವಿನ ಮರದ ಹುಲಿಯನ್ನೂ ಹಡಗಿಗೇರಿಸಿದರು. 1808ರಿಂದ ಅದು ಲಂಡನ್ನಿನಲ್ಲಿ ಕಂಪನಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿತ್ತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹೀಗಾಗಿ 1857ರಲ್ಲಿ ಟೆನಿಯಲ್ ಹುಲಿಯನ್ನು ಬರೆದಾಗ ಅದು ಯಾರೆಂದು ಲಂಡನ್ನಿನ ಓದುಗರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಭಾರತದಲ್ಲಿ ಇಂಗ್ಲಿಷ್ ಹೆಂಗಸರು, ಮಕ್ಕಳು ಕೊಲೆಯಾದದ್ದು ನಿಜ. ಅದು ಘೋರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರ ಕೊಲೆಗಾರರನ್ನು ಮಾತ್ರ ಬೊಟ್ಟು ಮಾಡಲಿಲ್ಲ. ಒಂದು ದೇಶವನ್ನೇ ಹುಲಿ ಮಾಡಿತು. ಹುಲಿಗೆ ವಿಚಾರಣೆ ಇರುವುದಿಲ್ಲ, ಬೇಟೆ ಮಾತ್ರ. ಸೆಪ್ಟೆಂಬರ್ 12ರಂದು ಟೆನಿಯಲ್‌ನ ಇನ್ನೊಂದು ಚಿತ್ರ ಬಂತು. ಕತ್ತಿ ಹಿಡಿದ ಹೆಣ್ಣೊಬ್ಬಳು ಸಿಪಾಯಿಗಳನ್ನು ಕಡಿಯುತ್ತಿದ್ದಾಳೆ. ಹೆಸರು 'ನ್ಯಾಯ'. ತಪ್ಪು ಮಾಡಿದವರನ್ನೂ ಮಾಡದವರನ್ನೂ ಬೇರ್ಪಡಿಸಿ ನೋಡಿ ಎಂದು ಆದೇಶ ಹೊರಡಿಸಿದ್ದ ಗವರ್ನರ್ ಜನರಲ್ ಕ್ಯಾನಿಂಗ್‌ನನ್ನು ಅಕ್ಟೋಬರಿನಲ್ಲಿ ಪಂಚ್ 'ದಯಾಳು' ಎಂದು ಗೇಲಿ ಮಾಡಿತು. ಕರುಣೆಯೇ ನಗೆಪಾಟಲಾಯಿತು. ಇದರ ನಡುವೆ ದಿಲ್ಲಿ ಬಿದ್ದಿತ್ತು. ಬಹದ್ದೂರ್ ಶಾ ಜಫರ್‌ನ ಮಕ್ಕಳನ್ನು ಹಾಡ್ಸನ್ ಗುಂಡಿಟ್ಟು ಕೊಂದಿದ್ದ. ಊರಿನ ಜನರನ್ನು ಹೊರದಬ್ಬಲಾಗಿತ್ತು. ಹಿಂದೂಗಳು ಮರಳಿದ ನಂತರವೂ ಮುಸ್ಲಿಮರು ಬಹುಕಾಲ ಕಾಯಬೇಕಾಯಿತು. ಒಂದು ಚಿತ್ರ ಇದನ್ನೆಲ್ಲ ಮಾಡಿಸಿತೆಂದು ನಾವು ಹೇಳುವುದಿಲ್ಲ. ಇದನ್ನೆಲ್ಲ ಓದಿದ ಸಜ್ಜನರ ನಿದ್ದೆ ಕೆಡದಂತೆ ಅಂಥ ಚಿತ್ರಗಳು ನೋಡಿಕೊಂಡವು, ಅಷ್ಟೇ.

ಕೋಟು ತೊಟ್ಟ ಬೆಕ್ಕು

ಅದೇ ನಾಡಿನಲ್ಲಿ ಯಾರನ್ನೂ ನೋಯಿಸದ ನಗುವೂ ಇತ್ತು. 1860ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲೂಯಿ ವೇನ್‌ಗೆ ತಂದೆ ತೀರಿಕೊಂಡಾಗ ಇಪ್ಪತ್ತು ವರ್ಷ. ತಾಯಿ ಮತ್ತು ಐವರು ತಂಗಿಯರ ಹೊಣೆ ತಲೆಯ ಮೇಲೆ ಬಿತ್ತು. ತಂಗಿಯರಿಗೆ ಪಾಠ ಹೇಳುತ್ತಿದ್ದ ಎಮಿಲಿಯನ್ನು ಮದುವೆಯಾದ. ಸ್ವಲ್ಪ ಕಾಲದಲ್ಲೇ ಆಕೆಗೆ ಸ್ತನ ಕ್ಯಾನ್ಸರ್ ಬಂತು. ಹಾಸಿಗೆ ಹಿಡಿದ ಹೆಂಡತಿಯನ್ನು ನಗಿಸಲು ಮನೆಯ ಬೆಕ್ಕು ಪೀಟರ್‌ನ ಚಿತ್ರಗಳನ್ನು ಬರೆಯತೊಡಗಿದ. 1886ರ ಕ್ರಿಸ್‌ಮಸ್‌ಗೆ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಸುಮಾರು 150 ಬೆಕ್ಕುಗಳ ಔತಣಕೂಟದ ಚಿತ್ರ ಪ್ರಕಟವಾಯಿತು. ವೇನ್‌ನ ಹೆಸರು ಮನೆಮಾತಾಯಿತು. ಕೆಲವೇ ದಿನಗಳಲ್ಲಿ ಎಮಿಲಿ ತೀರಿಕೊಂಡಳು.

ಮೊದಮೊದಲು ಆ ಬೆಕ್ಕುಗಳು ನಾಲ್ಕು ಕಾಲಿನ ಮೇಲೇ ಇದ್ದವು. ಬರಬರುತ್ತ ಎದ್ದು ನಿಂತು, ಬಟ್ಟೆ ತೊಟ್ಟು, ಚಹಾ ಕೂಟ ನಡೆಸಿ, ಗಾಲ್ಫ್ ಆಡತೊಡಗಿದವು. ನೋಡಿದ ಇಂಗ್ಲಿಷ್ ಜನ ತಮ್ಮದೇ ಗತ್ತು ಗಾಂಭೀರ್ಯ ಕಂಡು ನಕ್ಕರು. ಈ ಬೆಕ್ಕುಗಳು ಪುಸ್ತಕಗಳಲ್ಲೂ ಅಂಚೆ ಕಾರ್ಡುಗಳಲ್ಲೂ ಮನೆಮನೆ ಸೇರಿದವು. ಆದರೆ ವೇನ್ ಹಕ್ಕುಗಳನ್ನು ಉಳಿಸಿಕೊಳ್ಳದೆ ಚಿತ್ರಗಳನ್ನು ಒಮ್ಮೆಗೇ ಮಾರಿಬಿಡುತ್ತಿದ್ದ. ಮುದ್ರಿಸಿದವರು ದುಡಿದರು, ಬರೆದವನು ಬಡವನಾದ. ಮನಸ್ಸಿನ ಸ್ಥಿಮಿತ ತಪ್ಪಿ 1924ರಲ್ಲಿ ಮಾನಸಿಕ ಆಸ್ಪತ್ರೆಯ ಬಡವರ ವಾರ್ಡು ಸೇರಿದ. ಮರುವರ್ಷ ವಿಷಯ ತಿಳಿದಾಗ ಲೇಖಕ ಎಚ್.ಜಿ. ವೆಲ್ಸ್, ರಾಜಕಾರಣಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮೊದಲಾದವರು ಮುಂದೆ ಬಂದು, ಹಣ ಕೂಡಿಸಿ, ಒಳ್ಳೆಯ ಆಸ್ಪತ್ರೆಗೆ ಸೇರಿಸಿದರು. 1939ರಲ್ಲಿ ತೀರಿಕೊಳ್ಳುವವರೆಗೆ ಆತ ಆಸ್ಪತ್ರೆಗಳಲ್ಲೇ ಇದ್ದ, ಅಲ್ಲೂ ಬೆಕ್ಕುಗಳನ್ನು ಬರೆಯುತ್ತಿದ್ದ.

ಕಾರ್ಡಿಗೆ ದಂಡ

ಬ್ರಿಟನ್ನಿನಲ್ಲಿ ಅಂಚೆ ಕಾರ್ಡು ಬಂದದ್ದು 1870ರಲ್ಲಿ; ನಮ್ಮಲ್ಲಿ 1879ರಲ್ಲಿ. ಖಾಸಗಿಯವರು ಮುದ್ರಿಸಿದ ಚಿತ್ರದ ಕಾರ್ಡುಗಳಿಗೆ ಅಲ್ಲಿ 1894ರಲ್ಲಿ ಅನುಮತಿ ಸಿಕ್ಕಿತು. 1902ರಲ್ಲಿ ವಿಳಾಸ ಮತ್ತು ಒಕ್ಕಣೆಯನ್ನು ಒಂದೇ ಬದಿಯಲ್ಲಿ ಬರೆಯಲು ಬಿಟ್ಟ ಮೇಲೆ ಇನ್ನೊಂದು ಬದಿ ಪೂರ್ತಿ ಚಿತ್ರಕ್ಕೆ ಉಳಿಯಿತು. ರಜೆಗೆಂದು ಕಡಲ ತೀರಕ್ಕೆ ಹೋದ ಕಾರ್ಖಾನೆಯ ಕೆಲಸಗಾರರು ಅಲ್ಲಿಂದ ಮನೆಯವರಿಗೆ ನಗೆಯ ಕಾರ್ಡು ಹಾಕುವುದು ವಾಡಿಕೆಯಾಯಿತು. ಆ ಕಾರ್ಡುಗಳ ರಾಜ ಡೊನಾಲ್ಡ್ ಮೆಕ್‌ಗಿಲ್. ದಪ್ಪ ಹೆಂಡತಿ, ಸಣಕಲು ಗಂಡ, ಕುಡುಕ, ಪಾದ್ರಿ ಇವರೇ ಪಾತ್ರಗಳು. ಸುಮಾರು 12,000 ಚಿತ್ರ ಬರೆದ. ಅವನ ಹಾಸ್ಯದಲ್ಲಿ ಎರಡರ್ಥದ ಮಾತುಗಳು ಬಹಳ. ಮನೆಮಂದಿಯ ನಡುವೆ ಓದಿ ಹೇಳುವಂಥದ್ದಲ್ಲ. ಆದರೂ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1941ರಲ್ಲಿ ಈ ಕಾರ್ಡುಗಳ ಬಗ್ಗೆ ಗಂಭೀರ ಪ್ರಬಂಧವನ್ನೇ ಬರೆದ. ಉಪದೇಶ ಕೇಳಿ ಕೇಳಿ ದಣಿದ ಸಾಮಾನ್ಯನ ಸಣ್ಣ ಬಂಡಾಯವನ್ನು ಆತ ಅವುಗಳಲ್ಲಿ ಕಂಡ.

1954ರಲ್ಲಿ ಲಿಂಕನ್ ಪಟ್ಟಣದ ನ್ಯಾಯಾಲಯ ಸುಮಾರು ಎಂಬತ್ತರ ಮೆಕ್‌ಗಿಲ್‌ಗೆ ಅಶ್ಲೀಲತೆಗಾಗಿ 50 ಪೌಂಡ್ ದಂಡ, 25 ಪೌಂಡ್ ಖರ್ಚು ವಿಧಿಸಿತು. ಆ ವಿಚಾರಣೆಗೆ ಆಧಾರವಾದದ್ದು ಯಾವ ವರ್ಷದ ಕಾಯಿದೆ ಗೊತ್ತೇ? 1857ರದು. ಸಿಂಹ ಹುಲಿಯ ಮೇಲೆ ಎರಗಿದ ವರ್ಷವೇ ಬ್ರಿಟಿಷ್ ಸಂಸತ್ತು ಜನರ ನೀತಿ ಕಾಯಲು ಆ ಕಾಯಿದೆ ಮಾಡಿತ್ತು. ದಪ್ಪ ಹೆಂಗಸಿನ ಚಿತ್ರ ಸಮಾಜಕ್ಕೆ ಅಪಾಯವೆನಿಸಿತು. ಒಂದು ದೇಶದ ಜನರನ್ನು ಬೇಟೆಯ ಮೃಗವಾಗಿಸಿದ ಚಿತ್ರ ಯಾರಿಗೂ ಅಶ್ಲೀಲವೆನಿಸಲಿಲ್ಲ. ಅದನ್ನು ಬರೆದ ಟೆನಿಯಲ್‌ಗೆ 1893ರಲ್ಲಿ ಸರ್ ಪದವಿಯೂ ಸಿಕ್ಕಿತು.

ಹುಲಿಯ ಕೈಗೆ ಲೇಖನಿ

ಇಲ್ಲಿಗೆ ಕಥೆ ಮುಗಿದಿದ್ದರೆ ಬೇಸರವಾಗುತ್ತಿತ್ತು. 1857ರಲ್ಲಿ ನುಜ್ಜುಗುಜ್ಜಾದ ಲಕ್ನೋದಲ್ಲೇ, ಇಪ್ಪತ್ತು ವರ್ಷಗಳ ಬಳಿಕ, 1877ರಲ್ಲಿ ಮುನ್ಷಿ ಸಜ್ಜಾದ್ ಹುಸೇನ್ ಉರ್ದುವಿನಲ್ಲಿ 'ಅವಧ್ ಪಂಚ್' ಆರಂಭಿಸಿದರು. ಹೆಸರೂ ಮಾದರಿಯೂ ಲಂಡನ್ನಿನದೇ, ಆದರೆ ಗುರಿ ಆಳುವವರು. ಅಕ್ಬರ್ ಇಲಾಹಾಬಾದಿ, ರತನ್ ನಾಥ್ ಸರ್ಶಾರ್, ಜ್ವಾಲಾ ಪ್ರಸಾದ್ ಬರ್ಕ್ ಮುಂತಾಗಿ ಮುಸ್ಲಿಮರೂ ಹಿಂದೂಗಳೂ ಅದರಲ್ಲಿ ಜೊತೆಯಾಗಿ ಬರೆದರು. ಅದು ತೆರಿಗೆಯನ್ನು ಗೇಲಿ ಮಾಡಿತು, ಸಾಹೇಬರ ನಡೆಯನ್ನು ಅಣಕಿಸಿತು. ತನ್ನವರನ್ನೂ ಬಿಡಲಿಲ್ಲ, ಸರ್ ಸೈಯದ್‌ರಂಥ ಹಿರಿಯರೂ ಅದರ ಕುಟುಕಿಗೆ ಗುರಿಯಾದರು. ಸೇಡಿಗೆ ಸೇಡು ಎಂದು ಹೊರಡದೆ ಅದು ನಗುವನ್ನೇ ಉತ್ತರವಾಗಿಸಿತು.

ಈ ಪರಂಪರೆಯ ಇನ್ನೊಂದು ಎಳೆ ನಮ್ಮ ಮೈಸೂರಿಗೂ ಬಂದಿದೆ. ಬಾಲಕ ಆರ್.ಕೆ. ಲಕ್ಷ್ಮಣ್ ಪತ್ರಿಕೆಯಲ್ಲಿ ಬ್ರಿಟನ್ನಿನ ಡೇವಿಡ್ ಲೋನ ಕಾರ್ಟೂನ್‌ಗಳನ್ನು ನೋಡಿ ಕಲಿತವರು. ಆ ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದರಂತೆ. ಅವರ ಆರಂಭದ ಚಿತ್ರಗಳು ರಾಶಿಯವರ 'ಕೊರವಂಜಿ'ಯಲ್ಲಿ ಬಂದವು. ಮುಂದೆ ಅವರು ರೂಪಿಸಿದ 'ಶ್ರೀಸಾಮಾನ್ಯ' ಅಧಿಕಾರಸ್ಥರ ಪಕ್ಕದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದ. ಅವನ ಮೌನಕ್ಕೇ ದೊಡ್ಡವರು ನಾಚುತ್ತಿದ್ದರು.

ಲಂಡನ್ನಿನ ಪಂಚ್ 1992ರಲ್ಲಿ ನಿಂತಿತು. 1996ರಲ್ಲಿ ಈಜಿಪ್ಟ್ ಮೂಲದ ಉದ್ಯಮಿ ಮುಹಮ್ಮದ್ ಅಲ್ ಫಾಯದ್ ಅದನ್ನು ಮತ್ತೆ ಹೊರಡಿಸಿದರೂ 2002ರಲ್ಲಿ ಕೊನೆಗೂ ಮುಚ್ಚಿತು. ಪತ್ರಿಕೆ ಹೋದರೂ ಅದರ ಎರಡೂ ಬಗೆಯ ನಗು ಉಳಿದಿದೆ. ಇಂದು ನಮ್ಮ ಮೊಬೈಲಿಗೆ ದಿನವೂ ಚಿತ್ರಗಳು ಬಂದು ಬೀಳುತ್ತವೆ. ಕೆಲವು ವೇನ್‌ನ ಬೆಕ್ಕಿನ ವಂಶದವು. ಕೆಲವು ಟೆನಿಯಲ್‌ನ ಹುಲಿಯ ವಂಶದವು. ಒಂದು ಸಮುದಾಯವನ್ನು, ಒಂದು ಜಾತಿಯನ್ನು, ಒಂದು ಭಾಷೆಯವರನ್ನು ಮೃಗವೆಂದೋ ಹುಳವೆಂದೋ ತೋರಿಸುವಂಥವು. ಅವು ನಮ್ಮವರ ಕೈಯಿಂದ ಬಂದಿರಲಿ, ಇತರರ ಕೈಯಿಂದ ಬಂದಿರಲಿ, ಮುಂದಕ್ಕೆ ಕಳುಹಿಸುವ ಮೊದಲು ಒಂದು ಗಳಿಗೆ ನಿಂತು ನೋಡಬೇಕು: ಇಲ್ಲಿ ನಾವು ನಮ್ಮನ್ನು ಕಂಡು ನಗುತ್ತಿದ್ದೇವೆಯೇ, ಅಥವಾ ಇನ್ನೊಬ್ಬನ ಬೇಟೆಗೆ ಸಿದ್ಧರಾಗುತ್ತಿದ್ದೇವೆಯೇ?