ಹಳೇ ಜಾಗ್ವಾರ್: ಎಷ್ಟು ಲೀಟರ್ ಎಂಜಿನ್ ತಗೊಳ್ಳೋದು?

ಸಾಂಗ್ಲಿ-ಮಿರಜ್ ಕಡೆ ಹಳೇ ಬ್ರಿಟಿಷ್ ಐಷಾರಾಮಿ ಕಾರು ಇಟ್ಟುಕೊಳ್ಳುವ ಆಸೆಯೇ? ಹಾಗಾದರೆ ಮೊದಲ ಪ್ರಶ್ನೆ ಎಂಜಿನ್‌ನದು. 1959ರಲ್ಲಿ ಬಂದ ಜಾಗ್ವಾರ್ ಮಾರ್ಕ್ 2 ಕಾರನ್ನೇ ನೋಡಿ. ಇದಕ್ಕೆ ಮೂರು ಬಗೆಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗಳಿದ್ದವು.

2.4 ಲೀಟರ್: 2,483 ಸಿಸಿ, 120 ಅಶ್ವಶಕ್ತಿ. ಸಾಂಗ್ಲಿಯಿಂದ ಮಿರಜ್‌ಗೆ ಹತ್ತು ಕಿ.ಮೀ. ಸಮತಟ್ಟು ದಾರಿಗೆ ಧಾರಾಳ ಸಾಕು. ಪುಣೆ ಹೆದ್ದಾರಿಯ ಘಾಟ್‌ನಲ್ಲಿ ಏದುಸಿರು ಬಿಡುತ್ತದೆ.

3.4 ಲೀಟರ್: 3,442 ಸಿಸಿ, 210 ಅಶ್ವಶಕ್ತಿ. ಊರಿಗೂ ದೂರದ ಓಟಕ್ಕೂ ಸೈ.

3.8 ಲೀಟರ್: 3,781 ಸಿಸಿ, 220 ಅಶ್ವಶಕ್ತಿ. 3.4ಕ್ಕಿಂತ ಹೆಚ್ಚು ಸಿಗುವುದು ಹತ್ತೇ ಅಶ್ವಶಕ್ತಿ, ಆದರೆ ಬೇಡಿಕೆ ಇದಕ್ಕೇ ಹೆಚ್ಚು, ಹಾಗಾಗಿ ರೇಟೂ ಜಾಸ್ತಿ.

ಲೀಟರ್‌ಗಿಂತ ಮುಖ್ಯವಾದದ್ದು ಎಂಜಿನ್ ಅಸಲಿಯೋ ಅಲ್ಲವೋ ಎಂಬುದು. ನಮ್ಮಲ್ಲಿ ಪೆಟ್ರೋಲ್ ಖರ್ಚಿಗೆ ಹೆದರಿ ಎಷ್ಟೋ ಹಳೇ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಅದು ಸಿಕ್ಕರೂ ದಿನನಿತ್ಯದ ಓಡಾಟಕ್ಕಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಕ್ಕಷ್ಟೆ.

ಅಡ್ವಾನ್ಸ್ ಕೊಡುವ ಮೊದಲು ಬ್ಲಾಕ್ ಮೇಲಿನ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. 2005, 2019, 2021ರಲ್ಲಿ ಸಾಂಗ್ಲಿಗೆ ಕೃಷ್ಣಾ ನದಿ ನುಗ್ಗಿತ್ತು. ಹಾಗಾಗಿ ಗಾಡಿ ನೆರೆಯಲ್ಲಿ ನಿಂತಿತ್ತಾ ಎಂದು ಕಾರ್ಪೆಟ್ ಎತ್ತಿ ತುಕ್ಕು ನೋಡಿ. ಬದಲಾದ 3.8ಕ್ಕಿಂತ ಅಸಲಿ 2.4 ಮೇಲು.