ಒಂದು ಹಿಡಿ ರಾಗಿ ಬೀಜದ ಚರಿತ್ರೆ

ಬಾಬಾಬುಡನ್‌ಗಿರಿ ಸಾಲಿನ ಪಶ್ಚಿಮದ ಮಗ್ಗುಲಿಗೆ ಸುರಿಯುವ ಮಳೆಗೂ ಪೂರ್ವದ ಮಗ್ಗುಲಿಗೆ ಹನಿಯುವ ಮಳೆಗೂ ಅಜಗಜಾಂತರ. ಬೆಟ್ಟದ ಆಚೆಗೆ ಕಾಫಿ, ಅಡಿಕೆ, ಏಲಕ್ಕಿ. ಈಚೆಗೆ ಇಳಿದರೆ ಎಮ್ಮೆದೊಡ್ಡಿ, ಬೀರೂರು, ಕಡೂರು, ಅಜ್ಜಂಪುರಗಳ ಬಯಲು. ಕಡೂರು ತಾಲ್ಲೂಕಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಅದರ ಐದಾರು ಪಟ್ಟು. ಮದಗದ ಕೆರೆ, ಅಯ್ಯನಕೆರೆಗಳಂಥ ಹಳೆಯ ಕೆರೆಗಳ ಅಚ್ಚುಕಟ್ಟನ್ನು ಬಿಟ್ಟರೆ ಈ ಬಯಲಿನ ಹೊಲಗಳಿಗೆ ತಲೆಮಾರುಗಳಿಂದ ಮುಗಿಲೇ ಗತಿಯಾಗಿತ್ತು.

ಇಂಥ ನೆಲದಲ್ಲಿ ಎರಡು-ಮೂರು ಎಕರೆ ಇಟ್ಟುಕೊಂಡ ರೈತ ಮೊದಲಿನಿಂದಲೂ ನೆಚ್ಚಿದ್ದು ರಾಗಿಯನ್ನು. ಮಳೆ ತಡವಾದರೂ ಕಾಯುತ್ತದೆ, ನಡುವೆ ಕೈಕೊಟ್ಟರೂ ಬಾಡಿ ನಿಂತು ಮತ್ತೆ ಚಿಗುರುತ್ತದೆ. ಕಾಳು ಮನೆಗೆ, ಹುಲ್ಲು ದನಕ್ಕೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತದ ಎದುರು ರಾಗಿಯನ್ನು ನಿಲ್ಲಿಸಿ ಅದಕ್ಕೆ ಗೆಲುವು ಕೊಡಿಸಿದ್ದರು. ಆದರೆ ವಿಜ್ಞಾನದ ಕಣ್ಣು ಈ ಬಡವರ ಧಾನ್ಯದ ಕಡೆ ತಿರುಗಿದ್ದು ತೀರಾ ಈಚೆಗೆ. ಅದು ತಿರುಗಿದ ಬಗೆ, ಆ ಕೆಲಸದ ಫಲ ಬಡ ರೈತನ ಹೊಲ ಸೇರಿದ ಬಗೆ, ಎರಡೂ ಕುತೂಹಲಕರ.

ಬರ ಕಲಿಸಿದ ಪಾಠ

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಕ್ಷಾಮವನ್ನು ಜನ ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕೆ ಇಳಿದಿತ್ತು. ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವುದು ಬಯಲುಸೀಮೆಯ ಹಳೆಯ ವಿಮೆ. ಆದರೆ ಮಳೆ ಮೇಲಿಂದ ಮೇಲೆ ಕೈಕೊಟ್ಟಾಗ ಹಗೇವುಗಳೂ ಬರಿದಾದವು. ಬರ ಬಂದಾಗ ಗಂಜಿ ಕೇಂದ್ರ ತೆರೆಯುವುದಷ್ಟೇ ಸಾಲದು, ಬೇಸಾಯವನ್ನೇ ಸುಧಾರಿಸಬೇಕು ಎಂಬ ಮಾತು ಸರ್ಕಾರದ ಮಟ್ಟದಲ್ಲಿ ಗಟ್ಟಿಯಾದದ್ದು ಆನಂತರ. ಪ್ರಾಂತಗಳಲ್ಲಿ ಕೃಷಿ ಇಲಾಖೆಗಳು ಇರಬೇಕೆಂದು 1880ರ ಕ್ಷಾಮ ಆಯೋಗ ಶಿಫಾರಸು ಮಾಡಿತು.

ಮೈಸೂರಿನಲ್ಲಿ ಅದರ ಮೊದಲ ಗಟ್ಟಿ ಹೆಜ್ಜೆ 1899ರದು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೃಷಿ ಪ್ರಯೋಗಕ್ಕೆ ಮೀಸಲಾಯಿತು. ಮಣ್ಣು ಮತ್ತು ಗೊಬ್ಬರದ ಪ್ರಯೋಗಗಳನ್ನು ರಸಾಯನ ವಿಜ್ಞಾನಿ ಅಡಾಲ್ಫ್ ಲೆಹ್ಮನ್ ಅಲ್ಲಿ ಆರಂಭಿಸಿದರು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್‌ಮನ್ ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ವಿಜ್ಞಾನಿಯಾಗಿ ಬಂದರು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಅವರು ಮೈಸೂರಿನ ಸೇವೆ ಮುಗಿಸಿ ಹೊರಟದ್ದು 1934ರಲ್ಲಿ.

ಒಂದೇ ಜಿಲ್ಲೆ, ಎರಡು ಸಮಸ್ಯೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. 1947ರವರೆಗೂ ಅದೇ ಹೆಸರು ಉಳಿಯಿತು. ಈ ಒಂದೇ ಜಿಲ್ಲೆ ಕೃಷಿ ಇಲಾಖೆಯ ಮುಂದೆ ಎರಡು ಬಗೆಯ ಪ್ರಶ್ನೆಗಳನ್ನು ಇಟ್ಟಿತ್ತು. ಮಲೆನಾಡಿನ ಭಾಗದಲ್ಲಿ ಮಳೆ ಹೆಚ್ಚಾಗಿ ಅಡಿಕೆಗೆ ಕೊಳೆರೋಗ, ಬಯಲಿನ ಭಾಗದಲ್ಲಿ ಮಳೆ ಕಡಿಮೆಯಾಗಿ ರಾಗಿಗೆ ಸಂಕಟ.

ಕೊಳೆರೋಗದ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಅದುವರೆಗೆ ಬೆಳೆಗಾರರಿಗೆ ಗೊತ್ತಿದ್ದ ರಕ್ಷಣೆ. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ ಕೋಲ್‌ಮನ್ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಅಡಿಕೆ ತೋಟಗಳಲ್ಲಿ ಮುಂಗಾರಿನ ಮೊದಲ ಕೆಲಸ ಅದೇ.

ರಾಗಿಯ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ. ಅದು ರೋಗವೊಂದರ ಪ್ರಶ್ನೆಯಲ್ಲ, ಇಡೀ ಬೇಸಾಯದ ಪ್ರಶ್ನೆ. ಕೋಲ್‌ಮನ್ ಮತ್ತು ಸಹೋದ್ಯೋಗಿಗಳು ಸಂಸ್ಥಾನದ ರೈತರು ಬಿತ್ತುತ್ತಿದ್ದ ರಾಗಿಗಳನ್ನು ಕಲೆಹಾಕಿ, ಒಂದೊಂದನ್ನೂ ಬೇರೆ ಬೇರೆ ಬೆಳೆದು, ಚೆನ್ನಾದ ಗಿಡಗಳ ತೆನೆಯನ್ನು ಆಯ್ದು ಅದರ ಸಂತಾನವನ್ನು ಮತ್ತೆ ಪರೀಕ್ಷಿಸಿದರು. ಹೀಗೆ ದೊರೆತ ‘ಎಚ್-22’ ತಳಿ 1918ರಲ್ಲಿ ರೈತರ ಕೈಸೇರಿತು. ದೇಶದಲ್ಲಿ ಬಿಡುಗಡೆಯಾದ ಮೊದಲ ಸುಧಾರಿತ ರಾಗಿ ತಳಿ ಅದೇ. ಮೈಸೂರಿನ ರಾಗಿ ಬೇಸಾಯವನ್ನು ಕುರಿತ ಕೋಲ್‌ಮನ್ ಅವರ ಪುಸ್ತಿಕೆ 1920ರಲ್ಲಿ ಪ್ರಕಟವಾಯಿತು.

ಆದರೆ ಆಯ್ಕೆಗೆ ಒಂದು ಮಿತಿಯುಂಟು. ರಾಶಿಯಲ್ಲಿ ಇರುವುದನ್ನಷ್ಟೇ ಆರಿಸಬಹುದು, ಇಲ್ಲದ್ದನ್ನು ತರಲಾಗದು. ಒಂದು ಗಿಡದ ದಪ್ಪ ತೆನೆಯನ್ನೂ ಇನ್ನೊಂದರ ಬೇಗ ಮಾಗುವ ಗುಣವನ್ನೂ ಒಂದೇ ಗಿಡದಲ್ಲಿ ಕೂಡಿಸಬೇಕಾದರೆ ಸಂಕರಣ ಮಾಡಬೇಕು. ರಾಗಿ ಮೊಂಡು ಹಿಡಿದದ್ದು ಇಲ್ಲಿಯೇ.

ಬೆಳಗಿನ ಜಾವದ ಹೂವು

ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ ಅರಳುವ ಅದು ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಭತ್ತದಲ್ಲಿ ಮಾಡುವಂತೆ ಹೂವಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು ಬೇರೆ ಗಿಡದ ಪರಾಗ ಸೋಕಿಸುವುದು ಇಲ್ಲಿ ಬಹುತೇಕ ಆಗದ ಕೆಲಸ.

ಇದಕ್ಕೆ ತಳಿ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದದ್ದು. ಹಸಿರು ಬಣ್ಣದ ತಾಯಿಗಿಡದ ತೆನೆಯನ್ನೂ ನೇರಳೆ ಛಾಯೆಯ ತಂದೆಗಿಡದ ತೆನೆಯನ್ನೂ ಹೂ ಬಿಡುವ ಮುನ್ನ ಒಟ್ಟಿಗೆ ಕಟ್ಟಿ ಕಾಗದದ ಚೀಲ ಹೊದಿಸುವುದು. ನೂರಾರು ಕಾಳುಗಳಲ್ಲಿ ಎಲ್ಲೋ ಕೆಲವಕ್ಕೆ ಹೊರಗಿನ ಪರಾಗ ತಗಲುತ್ತದೆ. ತಾಯಿಯ ಕಾಳುಗಳನ್ನು ಬಿತ್ತಿದಾಗ ಸಸಿಗಳ ನಡುವೆ ನೇರಳೆ ಬಣ್ಣ ತೋರಿದವು ನಿಜವಾದ ಮಿಶ್ರಸಂತಾನ. ಅವನ್ನು ಹುಡುಕಿ ತೆಗೆದು, ಮುಂದೆ ಹಲವು ತಲೆಮಾರುಗಳವರೆಗೆ ಬೆಳೆದು, ಗುಣ ಸ್ಥಿರವಾಗುವವರೆಗೆ ಆರಿಸುತ್ತಾ ಹೋಗಬೇಕು. ಬೇಕಾದ್ದು ಯಂತ್ರವಲ್ಲ, ತಾಳ್ಮೆ.

ಈ ತಾಳ್ಮೆಯನ್ನೇ ಬದುಕಾಗಿಸಿಕೊಂಡವರು ಸಿ.ಎಚ್. ಲಕ್ಷ್ಮಣಯ್ಯ (1921–1993). ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಅವರನ್ನು ನಾಡು ಗುರುತಿಸುವುದು ‘ರಾಗಿ ಲಕ್ಷ್ಮಣಯ್ಯ’ ಎಂದು. ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ, ಕಬ್ಬು–ಭತ್ತದ ಸೀಮೆಯ ನಡುವಿನ ಕ್ಷೇತ್ರದಲ್ಲಿ ಮಳೆಯನ್ನೇ ನಂಬಿದ ರೈತರ ಬೆಳೆಗೆ ಹೊಸ ದಾರಿ ತೆರೆಯಿತು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಶಕ್ತಿ, ಕಾವೇರಿ ಮುಂತಾದ ತಳಿಗಳು ಅವರ ಮೊದಲ ಘಟ್ಟದ ಸಾಧನೆ.

ಅಗಲಿದ ದಾಯಾದಿಗಳು

ಎರಡನೆಯ ಘಟ್ಟದ ಕಥೆ ಇನ್ನೂ ಸ್ವಾರಸ್ಯವಾದದ್ದು. ರಾಗಿಯ ತವರು ನಮ್ಮದಲ್ಲ, ಪೂರ್ವ ಆಫ್ರಿಕಾದ ಇಥಿಯೋಪಿಯಾ, ಉಗಾಂಡಾಗಳ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದ ರಾಗಿ ಇಲ್ಲಿನ ಮಳೆಗೂ ಮಣ್ಣಿಗೂ ಒಗ್ಗಿಕೊಂಡಿತು. ಭಾರತದ ರಾಗಿ ಬೇಗ ಮಾಗುತ್ತದೆ, ಹೆಚ್ಚು ತೆಂಡೆ ಒಡೆಯುತ್ತದೆ, ಆದರೆ ತೆನೆ ಸಣ್ಣದು. ಆಫ್ರಿಕಾದಲ್ಲಿ ಉಳಿದ ರಾಗಿಯ ತೆನೆ ದೊಡ್ಡದು, ಕಾಂಡ ದಪ್ಪ, ಬೆಂಕಿ ರೋಗವನ್ನು ತಡೆಯುವ ಶಕ್ತಿ ಹೆಚ್ಚು. ಆದರೆ ಮಾಗುವುದು ತಡ, ನಮ್ಮ ಮಳೆಗಾಲ ಮುಗಿದರೂ ಅದರ ಬೆಳವಣಿಗೆ ಮುಗಿಯದು.

ಎರಡೂ ಒಂದೇ ಕುಲದವು. ಲಕ್ಷ್ಮಣಯ್ಯ ಈ ಅಗಲಿದ ದಾಯಾದಿಗಳನ್ನು ಮತ್ತೆ ಕೂಡಿಸಿದರು. 1970ರ ದಶಕದಿಂದ ಹೊರಬಂದ ಈ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕಾ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ‘ಇಂಡಾಫ್’ ಎಂದು ಹೆಸರಾಯಿತು. ಇಂಡಾಫ್-1ರಿಂದ ಆರಂಭವಾದ ಈ ಸಾಲಿನಲ್ಲಿ ದೀರ್ಘಾವಧಿಯ ಇಂಡಾಫ್-8, ಅಲ್ಪಾವಧಿಯ ಇಂಡಾಫ್-9 ಹೀಗೆ ಬೇರೆ ಬೇರೆ ಅವಧಿಯ ತಳಿಗಳಿದ್ದವು.

ಈ ಅವಧಿಯ ವ್ಯತ್ಯಾಸದ ಬೆಲೆ ಕಡೂರಿನ ಹೊಲದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಆರಿದ್ರಾ, ಪುನರ್ವಸು ಮಳೆ ಹದವಾಗಿ ಬಂದರೆ ನಾಲ್ಕು ತಿಂಗಳ ರಾಗಿಯನ್ನು ಬಿತ್ತಬಹುದು. ಪುಷ್ಯದವರೆಗೂ ನೆಲ ನೆನೆಯದಿದ್ದರೆ ಅದನ್ನು ನಂಬುವಂತಿಲ್ಲ, ತೆನೆ ಕಟ್ಟುವ ಹೊತ್ತಿಗೆ ತೇವ ಆರಿಹೋಗಿರುತ್ತದೆ. ಆಗ ಮೂರು ತಿಂಗಳಲ್ಲಿ ಮಾಗುವ ತಳಿ ಕೈಯಲ್ಲಿದ್ದರೆ ವರ್ಷ ಬರಿದಾಗುವುದಿಲ್ಲ. ಬಿತ್ತನೆಯ ಕಾಲವನ್ನು ತಾನೇ ತೀರ್ಮಾನಿಸುವ ಶಕ್ತಿ ಸಣ್ಣ ರೈತನಿಗೆ ಹೆಚ್ಚು ಇಳುವರಿಯಷ್ಟೇ ದೊಡ್ಡದು.

ಇಂಡಾಫ್ ತಳಿಗಳಲ್ಲಿ ಕೊರತೆಯೂ ಇತ್ತು. ಕುತ್ತಿಗೆ ಮತ್ತು ತೆನೆಯನ್ನು ಸುಡುವ ಬೆಂಕಿ ರೋಗಕ್ಕೆ ಅವುಗಳಲ್ಲಿ ಹಲವು ಈಡಾಗುತ್ತಿದ್ದವು. ಅದಕ್ಕೆ ಪರಿಹಾರ ಹುಡುಕಿದ್ದು ಮುಂದಿನ ಪೀಳಿಗೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ 1990ರ ದಶಕದಲ್ಲಿ ಬಂದ ಜಿಪಿಯು-28 ಈ ರೋಗವನ್ನು ಚೆನ್ನಾಗಿ ತಡೆದುಕೊಂಡು ರಾಜ್ಯದ ರಾಗಿ ಹೊಲಗಳನ್ನು ಬಹುಮಟ್ಟಿಗೆ ಆವರಿಸಿತು. ಅದರ ವಂಶದಲ್ಲಿ ಇಂಡಾಫ್-5, ಇಂಡಾಫ್-9 ಎರಡೂ ಇವೆ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದುವರಿಸಿದ ಕೆಲಸವಿದು.

ಕೈಯಿಂದ ಕೈಗೆ

ಇದೇ ಕಾಲದಲ್ಲಿ ಮೆಕ್ಸಿಕೋ ಮೂಲದ ಗಿಡ್ಡ ಗೋಧಿ ಮತ್ತು ಫಿಲಿಪೀನ್ಸ್‌ನ ಐಆರ್-8 ಭತ್ತ ದೇಶದಲ್ಲಿ ಹಸಿರು ಕ್ರಾಂತಿ ತಂದವು. ಅವುಗಳ ಶಕ್ತಿ ತೋರಬೇಕಾದರೆ ನೀರಾವರಿಯೂ ಹೇರಳ ಗೊಬ್ಬರವೂ ಬೇಕು. ಹೀಗಾಗಿ ಅದರ ಲಾಭ ಮೊದಲು ಹೋದದ್ದು ನೀರು ಇದ್ದವರ ಹೊಲಕ್ಕೆ. ರಾಗಿಯಲ್ಲಿ ನಡೆದದ್ದು ಬೇರೆ. ಇಲ್ಲಿ ನೀರು ಇಲ್ಲದವನ ಹೊಲವನ್ನು ಗಮನದಲ್ಲಿಟ್ಟುಕೊಂಡೇ ತಳಿ ಸಿದ್ಧವಾಯಿತು. ಆದರೆ ಅದು ಹರಡಿದ್ದಕ್ಕೆ ಮುಖ್ಯ ಕಾರಣ ರಾಗಿಯ ಸ್ವಭಾವವೇ.

ಸಂಕರಣಕ್ಕೆ ಅಡ್ಡಿಯಾಗಿದ್ದ ಸ್ವಪರಾಗಸ್ಪರ್ಶ ರೈತನ ಪಾಲಿಗೆ ವರವಾಯಿತು. ತಳಿ ಒಮ್ಮೆ ಸ್ಥಿರವಾದರೆ ತಾಯಿಯಂತೆ ಮಗಳು. ಹೈಬ್ರಿಡ್ ಮುಸುಕಿನ ಜೋಳದ ಬೀಜವನ್ನು ಪ್ರತಿವರ್ಷ ಅಂಗಡಿಯಿಂದ ತರಬೇಕು, ರಾಗಿಗೆ ಆ ಹಂಗಿಲ್ಲ. ಕಣದಲ್ಲಿ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟರೆ ಮುಂದಿನ ವರ್ಷದ ಬೀಜ ಸಿದ್ಧ. ಎಕರೆಗೆ ಬೇಕಾದದ್ದು ನಾಲ್ಕೈದು ಕಿಲೋ, ನಾಟಿ ಮಾಡಿದರೆ ಅದರ ಅರ್ಧ. ಸೆರಗಿನ ಗಂಟಿನಲ್ಲಿ ಬೀಗರ ಮನೆಯಿಂದ ತಂದ ಒಂದು ಹಿಡಿ ಬೀಜ ಎರಡು-ಮೂರು ಹಂಗಾಮಿನಲ್ಲಿ ಒಂದು ಊರಿಗೆ ಸಾಲುವಷ್ಟಾಗುತ್ತದೆ.

ಹೀಗೆ ಹರಡುವ ತಳಿಯನ್ನು ರೈತ ಒಪ್ಪಲೇಬೇಕೆಂಬ ಬಲವಂತ ಯಾರಿಂದಲೂ ಇರಲಿಲ್ಲ. ಅವನ ಲೆಕ್ಕವೂ ಕಾಳೊಂದರದ್ದೇ ಆಗಿರಲಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ 1929ರಲ್ಲಿ ಸ್ಥಾಪನೆಯಾಯಿತು. ಉಳುವ ಎತ್ತೇ ಬೇಸಾಯದ ಬೆನ್ನೆಲುಬಾಗಿದ್ದ ಈ ಸೀಮೆಯಲ್ಲಿ ಹುಲ್ಲು ಕೊಡದ ರಾಗಿಗೆ ಬೆಲೆಯಿಲ್ಲ. ಮುದ್ದೆ ಹದವಾಗಬೇಕು, ಬಣವೆ ದೊಡ್ಡದಾಗಬೇಕು, ದನ ಬಾಯಿ ಹಾಕಬೇಕು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ತಳಿಗಳು ಮಾತ್ರ ಹೊಲದಲ್ಲಿ ಉಳಿದವು.

ರೈತನ ಅನುಭವದಿಂದ ವಿಜ್ಞಾನಿಗಳೂ ಕಲಿತದ್ದುಂಟು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲು ಹಾಕುವುದು ಬಯಲುಸೀಮೆಯ ಹಳೆಯ ಪದ್ಧತಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಎಂಬುದು ಅದರ ತರ್ಕ. ಕೃಷಿ ವಿಶ್ವವಿದ್ಯಾನಿಲಯದ ಒಣಬೇಸಾಯ ಪ್ರಯೋಗಗಳು ಇದನ್ನೇ ಅಳೆದು ನೋಡಿ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬಂಥ ಶಿಫಾರಸುಗಳನ್ನು ರೂಪಿಸಿದವು.

ಗಳಿಸಿದ್ದು, ಕಳೆದದ್ದು

ಹೊಸ ತಳಿಗಳು ಬಂದಂತೆ ಹಳೆಯವು ಹಿಂದೆ ಸರಿದವು. ಉಂಡೆ ರಾಗಿ, ಗಿಡ್ಡ ರಾಗಿ, ರುದ್ರಜಡೆ, ಜಗಳೂರು ರಾಗಿಗಳ ಹೆಸರು ಇಂದು ಕೇಳಿಬರುವುದು ಹೆಚ್ಚಾಗಿ ಬೀಜ ಮೇಳಗಳಲ್ಲಿ. ಸುಧಾರಿತ ತಳಿಗಳು ಹುಟ್ಟಿದ್ದೇ ಇಂಥ ನಾಟಿ ತಳಿಗಳ ಗುಣದಿಂದ. ಇವು ಪೂರ್ತಿ ಮರೆಯಾದರೆ ಮುಂದಿನ ಲಕ್ಷ್ಮಣಯ್ಯನಿಗೆ ಆರಿಸಲು ರಾಶಿಯೇ ಇರುವುದಿಲ್ಲ. ಆದ್ದರಿಂದ ನಾಟಿ ಬೀಜವನ್ನು ಕಾಪಾಡುವ ರೈತನೂ ಹೊಸ ತಳಿ ಕಟ್ಟುವ ವಿಜ್ಞಾನಿಯೂ ಎದುರಾಳಿಗಳಲ್ಲ, ಒಂದೇ ಕೆಲಸದ ಎರಡು ಕೈಗಳು.

ಇನ್ನೊಂದು ಬದಲಾವಣೆ ಹೊಲದಲ್ಲೇ ಕಾಣುತ್ತದೆ. ಕಳೆದ ಕೆಲವು ದಶಕಗಳಲ್ಲಿ ಬಯಲಿನಲ್ಲಿ ಮುಸುಕಿನ ಜೋಳ ಬಂತು. ಕೊಳವೆ ಬಾವಿ ಕೊರೆದವರು ತೆಂಗು, ಅಡಿಕೆ ಇಟ್ಟರು. ಮಲೆನಾಡಿನ ಬೆಳೆಯಾಗಿದ್ದ ಅಡಿಕೆ ಬೆಟ್ಟ ಇಳಿದು ಕಡೂರು, ತರೀಕೆರೆಗಳ ರಾಗಿ ನೆಲಕ್ಕೆ ಬಂದಿದೆ. ಹಣ ತರುವ ಬೆಳೆಯನ್ನು ರೈತ ಆರಿಸಿಕೊಂಡರೆ ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಕೊಳವೆ ಬಾವಿ ಬತ್ತಿದ ವರ್ಷ ಅಡಿಕೆ ಮರ ಕಾಯುವುದಿಲ್ಲ, ರಾಗಿ ಕಾಯುತ್ತದೆ.

ವಿಶ್ವಸಂಸ್ಥೆ 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಪೇಟೆಯ ಅಂಗಡಿಗಳಲ್ಲಿ ರಾಗಿ ಈಗ ಆರೋಗ್ಯದ ಆಹಾರ. ಬಡವರ ಹಿಟ್ಟು ಎಂದು ಮೂಗು ಮುರಿಯುತ್ತಿದ್ದ ಕಾಲ ಹೋಯಿತು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂದಿಗೂ ಬೆಳೆಯುವುದು ಕರ್ನಾಟಕ. ಈ ಗೌರವದ ಹಿಂದೆ ಸಾವಿರಾರು ವರ್ಷ ಬೀಜ ಕಾದ ರೈತರಿದ್ದಾರೆ, ಹೆಬ್ಬಾಳದ 30 ಎಕರೆಯಿದೆ, ತೆನೆಗೆ ತೆನೆ ಕಟ್ಟಿ ನೇರಳೆ ಸಸಿಗಾಗಿ ಕಾದ ಕಣ್ಣುಗಳಿವೆ. ಮಳೆಯ ಲೆಕ್ಕ ವರ್ಷದಿಂದ ವರ್ಷಕ್ಕೆ ತಪ್ಪುತ್ತಿರುವ ಈ ದಿನಗಳಲ್ಲಿ ಎಮ್ಮೆದೊಡ್ಡಿಯ ಕಡೆಯ ಸಣ್ಣ ಹಿಡುವಳಿದಾರನಿಗೆ ಬೇಕಾಗಿರುವುದೂ ಅಂಥದೇ ಕೆಲಸ: ಅವನ ಹೊಲದಲ್ಲಿ ನಿಲ್ಲುವ, ಅವನ ದನಕ್ಕೂ ಆಗುವ, ಮುಂದಿನ ವರ್ಷಕ್ಕೆ ಅವನೇ ಎತ್ತಿಡಬಹುದಾದ ಒಂದು ಹಿಡಿ ಬೀಜ.